ಆಳಿನ ಬೆಲೆ, ಧಣಿಯ ಮನಸ್ಸು

ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಕೇಂದ್ರ ಯಲ್ದೂರು. ಈ ತಾಲ್ಲೂಕಿಗೆ ಹೆಸರು ತಂದದ್ದು ಮಾವು. ಆದರೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಕೆರೆ ಮತ್ತು ಕೊಳವೆ ಬಾವಿಗಳನ್ನೇ ನಂಬಿದ ಈ ಸೀಮೆಯಿಂದ ಹೊರಗೆ ಹೋಗುವುದು ಮಾವು, ಟೊಮೆಟೊಗಳಷ್ಟೇ ಅಲ್ಲ. ಐ.ಟಿ.ಐ., ಡಿಪ್ಲೊಮಾ, ಪದವಿ ಮುಗಿಸಿದ ಹುಡುಗ ಹುಡುಗಿಯರೂ ಹೋಗುತ್ತಾರೆ. ಕೆಲವರು ಬೆಂಗಳೂರಿಗೆ, ಕೆಲವರು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ. ಹೋದವರಲ್ಲಿ ಕೆಲವರು ಆರು ತಿಂಗಳಿಗೆ ಮರಳುತ್ತಾರೆ. ಕೆಲವರು ಹತ್ತಾರು ವರ್ಷ ಒಂದೇ ಕಡೆ ನೆಲೆಯೂರುತ್ತಾರೆ.

ಒಬ್ಬರು ಏಕೆ ಬಿಟ್ಟರು, ಇನ್ನೊಬ್ಬರು ಏಕೆ ಉಳಿದರು ಎಂದು ಕೇಳಿದರೆ ಸುಲಭದ ಉತ್ತರ ಒಂದಿದೆ: ಸಂಬಳ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕೆಲಸ ಕೊಡುವವನು ಕೆಲಸಗಾರನನ್ನು ಯಾವ ಕಣ್ಣಿನಿಂದ ನೋಡುತ್ತಾನೆ ಎಂಬುದು ಸಂಬಳದಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಈ ಲೆಕ್ಕವನ್ನು ನಿರ್ಧರಿಸುತ್ತದೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಳೆದ ನೂರಿಪ್ಪತ್ತು ವರ್ಷಗಳ ಕೋಲಾರ ಸೀಮೆಯ ಚರಿತ್ರೆಯಲ್ಲೇ ಅದು ಸಿಗುತ್ತದೆ.

ಮುಂಬಯಿ ಕಳೆದುಕೊಂಡದ್ದು

ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅಂದು ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಅವರನ್ನು ಸಹಾಯಕ ಎಂಜಿನಿಯರಾಗಿ ನೇಮಿಸಿಕೊಂಡಿತು. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ನೀರಿನ ಮಟ್ಟಕ್ಕೆ ತಕ್ಕಂತೆ ತಾವೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳು, ಏಡನ್ ಬಂದರಿನ ನೀರು ಮತ್ತು ಒಳಚರಂಡಿಯ ಯೋಜನೆ: ಇವೆಲ್ಲ ಆ ಸೇವೆಯಲ್ಲಿದ್ದಾಗ ಅವರು ಮಾಡಿದ ಕೆಲಸಗಳು.

ಮುಂಬಯಿ ಸರ್ಕಾರ ಅವರನ್ನು ಕಡೆಗಣಿಸಿತೆಂದು ಹೇಳುವಂತಿಲ್ಲ. ಅನೇಕ ಹಿರಿಯರನ್ನು ದಾಟಿಸಿ ಬಡ್ತಿ ಕೊಟ್ಟಿತು, ಮೆಚ್ಚುಗೆಯನ್ನೂ ಸೂಚಿಸಿತು. ಆದರೆ ಮುಖ್ಯ ಎಂಜಿನಿಯರ್ ಸ್ಥಾನ ಆ ಕಾಲದಲ್ಲಿ ಬಿಳಿಯರಿಗೆ ಮೀಸಲಾದಂತಿತ್ತು. ಇದನ್ನು ಯಾರೂ ಕಾಗದದ ಮೇಲೆ ಬರೆದುಕೊಡಲಿಲ್ಲ. ಬರೆದುಕೊಡುವ ಅಗತ್ಯವೂ ಇರಲಿಲ್ಲ. ಮೇಲೆ ಹತ್ತಲು ಇನ್ನು ಮೆಟ್ಟಿಲಿಲ್ಲವೆಂದು ಖಚಿತವಾದಾಗ, 1908ರಲ್ಲಿ, ಪಿಂಚಣಿಗೆ ಬೇಕಾದ ಸೇವಾವಧಿ ತುಂಬುವ ಮೊದಲೇ ಅವರು ನಿವೃತ್ತಿ ಕೇಳಿದರು. ಸರ್ಕಾರ ಪಿಂಚಣಿ ಕೊಟ್ಟೇ ಬೀಳ್ಕೊಟ್ಟಿತು. ಅಂದರೆ ಉದಾರವಾಗಿಯೇ ನಡೆದುಕೊಂಡಿತು, ಆದರೆ ಆ ಒಂದು ಕುರ್ಚಿಯನ್ನು ಮಾತ್ರ ಕೊಡಲಾರದೆ ಹೋಯಿತು.

ಅದೇ ವರ್ಷ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದ್ ಸಂಸ್ಥಾನ ಅವರನ್ನು ಕರೆಯಿತು. 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನ ಮುಖ್ಯ ಎಂಜಿನಿಯರ್ ಹುದ್ದೆಯನ್ನೇ ಕೊಟ್ಟಿತು. ಮೈಸೂರಿನಿಂದ ಕರೆ ಬಂದಾಗ ಅವರು ಮುಖ್ಯವಾಗಿ ವಿಚಾರಿಸಿದ್ದು ವೇತನವನ್ನಲ್ಲ. ಶಿಕ್ಷಣ, ಕೈಗಾರಿಕೆಗಳಂತಹ ಕೆಲಸಗಳಿಗೆ ಅಲ್ಲಿ ಅವಕಾಶವಿದೆಯೇ ಎಂಬುದನ್ನು. ಇದೆ ಎಂಬ ಭರವಸೆ ದೊರೆತ ಮೇಲೆಯೇ ಒಪ್ಪಿದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಲ್ಲಿ ಅವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದವು. ಮುಂಬಯಿ ಪ್ರಾಂತ್ಯ ಇಪ್ಪತ್ತನಾಲ್ಕು ವರ್ಷ ಪಳಗಿಸಿದ ಬುದ್ಧಿಯ ಫಲ ಮೈಸೂರಿನ ಕಣಜಕ್ಕೆ ಬಂತು.

ಮಾಲೂರಿನ ಇನ್ನೊಂದು ಕಥೆ

ಹಾಗೆಂದು ಮೈಸೂರು ಸಂಸ್ಥಾನ ಸದಾ ಜಾಣ ಯಜಮಾನನಾಗಿಯೇ ಇತ್ತೆಂದು ತಿಳಿಯಬೇಕಾಗಿಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವೀಸಿಗೆ ಸೇರಿದವರು. ಮೂರು ದಶಕಗಳ ಕಾಲ ಜಿಲ್ಲೆಯಿಂದ ಜಿಲ್ಲೆಗೆ ವರ್ಗವಾಗುತ್ತ, ಹಗಲು ಕಚೇರಿಯ ಕಡತ, ಬಿಡುವಿನಲ್ಲಿ ಕಥೆ ಎಂದು ಬಾಳಿದರು. ಮಂತ್ರಿಸ್ಥಾನಕ್ಕೆ ಸಮನಾದ ಹುದ್ದೆ ತಮಗೆ ಸಲ್ಲಬೇಕೆಂದು ಅವರು ನಂಬಿದ್ದರು. ತಮಗಿಂತ ಕಿರಿಯರೊಬ್ಬರು ತಮ್ಮನ್ನು ದಾಟಿ ಮೇಲೇರಿದಾಗ, 1943-44ರ ಸುಮಾರಿಗೆ, ಪ್ರತಿಭಟನೆಯಾಗಿ ಸೇವೆಯಿಂದ ಹೊರಬಂದರು.

ಸರ್ಕಾರಕ್ಕೆ ನಷ್ಟವಾದದ್ದು ಕನ್ನಡಕ್ಕೆ ಲಾಭವಾಯಿತು. ‘ಜೀವನ’ ಪತ್ರಿಕೆಯ ಸಂಪಾದಕತ್ವ, ಮುಂದೆ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’, ಎರಡೂ ಆಮೇಲಿನವು. ಮಾಸ್ತಿಯವರಿಗೆ ಹೋಗಲು ಇನ್ನೊಂದು ಮನೆ ಇತ್ತು, ಅದು ಸಾಹಿತ್ಯ. ಅಂತಹ ಮನೆ ಇಲ್ಲದ ಎಷ್ಟು ಮಂದಿ ಅಧಿಕಾರಿಗಳು, ಗುಮಾಸ್ತರು, ಮೇಷ್ಟ್ರುಗಳು ಇಂತಹ ನೋವನ್ನು ನುಂಗಿಕೊಂಡು ಕುರ್ಚಿಯಲ್ಲೇ ಕೂತಿದ್ದಾರೋ ಲೆಕ್ಕವಿಟ್ಟವರಿಲ್ಲ. ಅವರು ಕೆಲಸ ಬಿಟ್ಟಿರುವುದಿಲ್ಲ. ಕೆಲಸದ ಮೇಲಿನ ಮನಸ್ಸನ್ನು ಬಿಟ್ಟಿರುತ್ತಾರೆ. ಯಜಮಾನನಿಗೆ ಎರಡನೆಯ ನಷ್ಟವೇ ದೊಡ್ಡದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಸೋದರಮಾವ ಹೋದರು, ಅಳಿಯ ಉಳಿದರು

ಬೆಂಗಳೂರಿನ ಎರಡು ಪ್ರಸಂಗಗಳು ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. 1933ರಲ್ಲಿ ಹಿಟ್ಲರನ ಜರ್ಮನಿ ಯೆಹೂದಿ ವಿದ್ವಾಂಸರನ್ನು ಕೆಲಸದಿಂದ ಕಿತ್ತುಹಾಕಿತು. ಹಾಗೆ ಸ್ಥಾನ ಕಳೆದುಕೊಂಡವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಒಬ್ಬರು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ 1935-36ರಲ್ಲಿ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಲು ಪ್ರಯತ್ನಿಸಿದರು. ಬಾರ್ನ್ ದಂಪತಿಗೂ ಊರು ಹಿಡಿಸಿತ್ತು. ಆದರೆ ಸಂಸ್ಥೆಯ ಅಧ್ಯಾಪಕರ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು, ತಮ್ಮ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರಕೀಯನೊಬ್ಬ ಇಲ್ಲಿಗೆ ಸಾಲದೆಂಬ ಅರ್ಥದ ಮಾತನ್ನು ಬಾರ್ನ್ ಅವರ ಎದುರಿಗೇ ಆಡಿದರು. ಆ ಮಾತಿನ ಪೆಟ್ಟನ್ನು ಬಾರ್ನ್ ಮುಂದೆ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಹೋದರು; 1954ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಬಾರ್ನ್ ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್ ಕೂಡ ಜರ್ಮನಿಯಿಂದ ಹೊರಬಿದ್ದ ತರುಣ ವಾಸ್ತುಶಿಲ್ಪಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ 1939ರಲ್ಲಿ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿ ವಾಸ್ತುಶಿಲ್ಪದ ಹೊಣೆಯನ್ನೇ ಒಪ್ಪಿಸಿತು. ಪರದೇಶಿಯೆಂದು ಹಿಂದೆ ಮುಂದೆ ನೋಡಲಿಲ್ಲ. ಬೆಂಗಳೂರಿನ ಹಲವು ಕಟ್ಟಡಗಳನ್ನು ಅವರು ರೂಪಿಸಿದರು. ಸೋದರಮಾವನಿಗೆ ನೆಲೆ ಸಿಗದ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಅಳಿಯ ಕಟ್ಟಿದ ಕಟ್ಟಡಗಳಿವೆ. ಮುಂದೆ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಬರೆದವರೂ ಅವರೇ. ಒಂದೇ ಊರು, ಒಂದೇ ಮನೆತನ, ನಾಲ್ಕು ವರ್ಷಗಳ ಅಂತರ. ಬೇರೆಯಾಗಿದ್ದದ್ದು ಬಾಗಿಲಲ್ಲಿ ನಿಂತು ಬರಮಾಡಿಕೊಂಡವರ ಮನೋಭಾವ.

ನೆಲದಡಿಯ ಲೆಕ್ಕ

ಇಷ್ಟು ಹೇಳಿದರೆ ಕಥೆ ಅರ್ಧ ಮಾತ್ರ ಮುಗಿಯುತ್ತದೆ. ಏಕೆಂದರೆ ಇವರೆಲ್ಲ ಹೆಸರಾದವರು. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ತೆರೆಯುವಷ್ಟು ಕೀರ್ತಿ ಉಳ್ಳವರು. ಕೋಲಾರ ಜಿಲ್ಲೆಯ ಅತಿ ದೊಡ್ಡ ಯಜಮಾನ ಮಾತ್ರ ಬೇರೆಯೇ ತೆರನಾದ ಕೆಲಸಗಾರರನ್ನು ದುಡಿಸಿಕೊಂಡಿತು.

1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರ ಚಿನ್ನದ ಗಣಿಗಳ ಆಡಳಿತ ವಹಿಸಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತರಲಾಯಿತು. ಚಾಂಪಿಯನ್ ರೀಫ್ ಗಣಿ ಮುಂದೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಮೇಲ್ವಿಚಾರಕರಾಗಿ ಬಂದರು. ಅವರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇದ್ದವು. ದೂರದಿಂದ ನುರಿತವರನ್ನು ಕರೆಸಿ ಉಳಿಸಿಕೊಳ್ಳುವುದು ಹೇಗೆಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಆ ಜ್ಞಾನವನ್ನು ಬಂಗಲೆಗಳ ಬೇಲಿಯಾಚೆಗೆ ಬಳಸಲಿಲ್ಲ. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಸಾವಿರಾರು ಕೂಲಿಗಳಲ್ಲಿ ಹೆಚ್ಚಿನವರು ದಲಿತರು. ಊರಿನ ಭೂಮಾಲೀಕರ ಹಿಡಿತದಿಂದಲೂ ಜಾತಿಯ ಅವಮಾನದಿಂದಲೂ ಬಿಡಿಸಿಕೊಳ್ಳಲು ಗಣಿ ಅವರಿಗೊಂದು ದಾರಿಯಾಗಿ ಕಂಡಿತ್ತು. ಅಂದರೆ ಊರಿನ ಧಣಿಯ ಮನೋಭಾವವೇ ಗಣಿಗೆ ಆಳುಗಳನ್ನು ಕಳಿಸಿಕೊಟ್ಟಿತು. ಇಲ್ಲಿ ಅವರಿಗೆ ಸಿಕ್ಕಿದ್ದು ಸಾಲುಸಾಲು ಗುಡಿಸಲು. ಅನೇಕರನ್ನು ನೇಮಿಸಿಕೊಂಡದ್ದು ಕಂಪನಿಯಲ್ಲ, ಗುತ್ತಿಗೆದಾರ. ಕಂಪನಿಯ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಕಂಪನಿಯ ಮೇಲೆ ಹಕ್ಕೂ ಇರಲಿಲ್ಲ.

ಇವರು ಬರಿಯ ಮೈಗೆಲಸದವರೇ? ಕಲ್ಲಿನ ಸದ್ದು ಕೇಳಿ ಕುಸಿತದ ಸುಳಿವು ಹಿಡಿಯುವುದು, ಮರದ ಆಸರೆ ನಿಲ್ಲಿಸುವುದು, ಕತ್ತಲಲ್ಲಿ, ಕುದಿಯುವ ಸೆಕೆಯಲ್ಲಿ ಬೈರಿಗೆ ಹಿಡಿದು ಅದಿರಿನ ಎಳೆ ತಪ್ಪದಂತೆ ಕೊರೆಯುವುದು: ಇದು ವರ್ಷಗಟ್ಟಲೆ ಕಲಿತರೆ ಮಾತ್ರ ಬರುವ ವಿದ್ಯೆ. ಆದರೆ ಯಜಮಾನರ ದೃಷ್ಟಿಯಲ್ಲಿ ಅದು ಪ್ರತಿಭೆಯಾಗಿರಲಿಲ್ಲ. ಅವರು ಕೂಲಿಯಲ್ಲಿ ಮೊದಲು ಕಂಡದ್ದು ಚಿನ್ನ ಕದಿಯಬಹುದಾದ ಕೈಯನ್ನು.

1930ರಲ್ಲಿ ಕಂಪನಿಗಳು ಕೆಲಸಗಾರರೆಲ್ಲರ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟವು. ಬೆರಳಚ್ಚು ಅಪರಾಧಿಗಳಿಂದ ಪಡೆಯುವುದೆಂಬುದು ಜನರ ತಿಳಿವಳಿಕೆ. ಒಮ್ಮೆ ಕೆಟ್ಟ ಹೆಸರು ಬಂದರೆ ಯಾವ ಗಣಿಯಲ್ಲೂ ಕೆಲಸ ಸಿಗದೆಂಬ ಅಂಜಿಕೆಯೂ ಸೇರಿತು. ಬಲವಾದ ಸಂಘವೊಂದಿಲ್ಲದೆಯೇ ಸಾವಿರಾರು ಜನ ಗಣಿಗಿಳಿಯಲು ನಿರಾಕರಿಸಿದರು. ಸುಮಾರು ಮೂರು ವಾರ ಗಣಿಗಳು ಸ್ತಬ್ಧವಾದವು. ಕಡೆಗೆ ಕಂಪನಿಗಳು ಆ ಯೋಜನೆಯನ್ನು ಕೈಬಿಡಬೇಕಾಯಿತು. ಹತ್ತಾರು ವರ್ಷ ಕಡಿಮೆ ಕೂಲಿಯನ್ನು ಸಹಿಸಿಕೊಂಡವರು ತಿರುಗಿಬಿದ್ದದ್ದು ಕಳ್ಳನೆಂಬ ಗುರುತನ್ನು ಹೊರಿಸಿದಾಗ ಎಂಬುದು ಗಮನಿಸತಕ್ಕ ಸಂಗತಿ.

ಗಣಿಯ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ತರುವ ಸಿಲಿಕೋಸಿಸ್ ರೋಗದ್ದೂ ಇದೇ ಕಥೆ. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಅದರ ಗುರುತು ಕಂಡಿತು. ಅಷ್ಟು ಹೊತ್ತಿಗೆ ಗಣಿ ಅರವತ್ತು ವರ್ಷ ನಡೆದಿತ್ತು. 1946ರ ದೀರ್ಘ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮುಚ್ಚಿದ್ದು ಅದಿರಿನಲ್ಲಿ ಚಿನ್ನದ ಅಂಶ ಇಳಿದು ಆಳದ ಖರ್ಚು ಏರಿದ್ದರಿಂದ. ಯಾರದೋ ಮನೋಭಾವವೊಂದರಿಂದಲೇ ಅಲ್ಲ. ಆದರೆ ಸುಮಾರು 800 ಟನ್ ಚಿನ್ನ ತೆಗೆದ ಕೈಗಳ ವಿದ್ಯೆ ಮುಂದೇನಾಗಬೇಕೆಂದು ಯಾವ ಯಜಮಾನನೂ ಯೋಚಿಸಿರಲಿಲ್ಲ. ಗಣಿಗಾರರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ಆ ಊರಿನ ನಿತ್ಯದ ನೋಟವಾಯಿತು.

ಯಾರು ಪ್ರತಿಭಾವಂತ?

ಆದ್ದರಿಂದ ಪ್ರತಿಭಾವಂತರನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ಯಾರನ್ನು ಪ್ರತಿಭಾವಂತನೆಂದು ಕಾಣುವುದು? ಈ ಪ್ರಶ್ನೆಯಲ್ಲಿ ವಿಶ್ವೇಶ್ವರಯ್ಯನವರಂತಹವರೂ ಸಿಕ್ಕಿಕೊಂಡರು. ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದಾಗ, ಇತರ ಸಮುದಾಯಗಳ ಬೇಡಿಕೆಯ ಮೇರೆಗೆ 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಲ್ಲಬೇಕೆಂದು ಸಮಿತಿ ಹೇಳಿತು. ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನೇ ಬಿಟ್ಟರು.

ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೂ ಚರಿತ್ರೆಯ ವ್ಯಂಗ್ಯವನ್ನು ನೋಡದೆ ಇರಲಾಗದು. ಹತ್ತು ವರ್ಷಗಳ ಹಿಂದೆ ಬಣ್ಣದ ಕಾರಣಕ್ಕೆ ಒಂದು ಕುರ್ಚಿ ತಪ್ಪಿದವರು, ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ಸಮುದಾಯಗಳಿಗೆ ಅದೇ ಬಗೆಯ ಬಾಗಿಲೊಂದು ಮುಚ್ಚಿದೆಯೆಂಬುದನ್ನು ಅಷ್ಟೇ ತೀವ್ರವಾಗಿ ಕಾಣಲಿಲ್ಲ. ಮಹಾರಾಜರು ಎರಡೂ ಬಾಗಿಲುಗಳನ್ನು ತೆರೆಯಬೇಕೆಂದುಕೊಂಡರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟಕ್ಕೆ ಸಿಕ್ಕಿದಾಗ ಸರ್ಕಾರ ಮತ್ತೆ ಅವರನ್ನೇ ಕರೆಯಿತು, ಅವರೂ ಬಂದರು. ಹೊರಗಿನ ತಜ್ಞರ ಜಾಗದಲ್ಲಿ ಇಲ್ಲಿನವರನ್ನು ತರಬೇತಿ ಕೊಟ್ಟು ನಿಲ್ಲಿಸಿದರು. ಭಿನ್ನಾಭಿಪ್ರಾಯವಿದ್ದೂ ಗೌರವ ಉಳಿಸಿಕೊಂಡ ಯಜಮಾನ, ಬಿಟ್ಟುಹೋದವರನ್ನು ಮತ್ತೆ ಕರೆಯಬಲ್ಲ.

ಹೊರಗಿನ ಲೋಕವೂ ಈ ಪಾಠವನ್ನು ದುಬಾರಿ ಬೆಲೆ ತೆತ್ತೇ ಕಲಿಯಿತು. 1913ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಸುಮಾರು 14,000 ಕೆಲಸಗಾರರ ಸಂಖ್ಯೆಯನ್ನು ಕಾಯ್ದುಕೊಳ್ಳಲು ವರ್ಷಕ್ಕೆ 52,000 ಮಂದಿಯನ್ನು ನೇಮಿಸಿಕೊಳ್ಳಬೇಕಾಗಿತ್ತು. 1914ರಲ್ಲಿ ಅವರು ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿ ಕೆಲಸದ ಅವಧಿಯನ್ನು ಎಂಟು ಗಂಟೆಗೆ ಇಳಿಸಿದಾಗ ಬಿಟ್ಟುಹೋಗುವವರ ಸಾಲು ಕರಗಿತು. ಇದು ಹಣದ ಶಕ್ತಿ. ಆದರೆ ಅದೇ ಕಂಪನಿ ಕೆಲಸಗಾರರ ಮನೆಗೆ ಇನ್‌ಸ್ಪೆಕ್ಟರುಗಳನ್ನು ಕಳಿಸಿ ಅವರ ಸಂಸಾರವನ್ನು ತಪಾಸಣೆ ಮಾಡತೊಡಗಿದಾಗ ಅಸಮಾಧಾನ ಹೊಗೆಯಾಡಿತು. ಇದು ಹಣದ ಮಿತಿ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಹೇಳಿದ ಪ್ರಕಾರ, ಸಂಸ್ಥೆಯೊಂದು ಹದಗೆಟ್ಟಾಗ ಅದರೊಳಗಿನವನ ಮುಂದೆ ಎರಡು ದಾರಿಗಳಿವೆ: ಹೊರಟುಹೋಗುವುದು ಅಥವಾ ದನಿ ಎತ್ತುವುದು. ನಿಷ್ಠೆ ಇದ್ದರೆ ಆತ ಹೋಗುವ ಮೊದಲು ಮಾತಾಡಿ ನೋಡುತ್ತಾನೆ. ಮಾತನ್ನು ಕೇಳುವವರೇ ಇಲ್ಲದಾಗ ಉಳಿಯುವುದು ಹೊರಡುವ ದಾರಿ. ಹೊರಡಲೂ ಆಗದಿದ್ದರೆ ಉಳಿಯುವುದು ಸಿಟ್ಟು.

ನರಸಾಪುರದ ಮುಂಜಾವು

ಆ ಸಿಟ್ಟು ಕೋಲಾರ ಜಿಲ್ಲೆಯಲ್ಲಿ ಮತ್ತೆ ಕಂಡದ್ದು 2020ರ ಡಿಸೆಂಬರ್ 12ರಂದು. ನರಸಾಪುರದಲ್ಲಿ ಆಪಲ್ ಕಂಪನಿಯ ಫೋನುಗಳನ್ನು ಜೋಡಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಗಲಭೆ ಎದ್ದಿತು. ಗಾಜು ಒಡೆದವು, ವಾಹನಗಳಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು.

ಕಾರ್ಖಾನೆಗಳ ಇಲಾಖೆ ನಡೆಸಿದ ತನಿಖೆಯ ವರದಿ ಓದಿದರೆ ಎಂಬತ್ತು ವರ್ಷ ಹಿಂದಿನ ಗಣಿಯ ನೆನಪಾಗುತ್ತದೆ. ಕೆಲಸಗಾರರ ಸಂಖ್ಯೆ ಅಲ್ಪಕಾಲದಲ್ಲೇ ಸುಮಾರು 5,000ದಿಂದ 10,500ಕ್ಕೆ ಏರಿತ್ತು. ಅವರ ಅಹವಾಲು ಕೇಳುವ ವಿಭಾಗ ಮಾತ್ರ ಬೆಳೆದಿರಲಿಲ್ಲ. ಹೆಚ್ಚಿನವರು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಪಾಳಿ ಹನ್ನೆರಡು ಗಂಟೆಯದಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿದ್ದರೂ ಸರಿಪಡಿಸಿರಲಿಲ್ಲ. ಮಾಡಿದ ಕೆಲಸಕ್ಕೂ ಕೈಗೆ ಬಂದ ಸಂಬಳಕ್ಕೂ ತಾಳೆಯಾಗುತ್ತಿರಲಿಲ್ಲ. ಹೇಳಿದ್ದಕ್ಕಿಂತ ಕಡಿಮೆ ಸಂಬಳ ಬಂತೆಂದು ಡಿಪ್ಲೊಮಾ, ಪದವಿ ಪಡೆದ ತರುಣರು ದೂರಿದರು. ದೂರು ಹೇಳಹೋದರೆ ಕಂಪನಿ ಗುತ್ತಿಗೆದಾರನನ್ನು ತೋರಿಸುವುದು, ಗುತ್ತಿಗೆದಾರ ಕಂಪನಿಯನ್ನು ತೋರಿಸುವುದು ಹಳೆಯ ಪದ್ಧತಿಯೇ.

ಹಾನಿ ಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ತಪ್ಪು ಒಂದೇ ಕಡೆಯದಲ್ಲವೆಂಬುದನ್ನು ಯಜಮಾನರೇ ಒಪ್ಪಿಕೊಂಡರು. ವಿಸ್ಟ್ರಾನ್ ಕೆಲಸಗಾರರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ದೋಷ ಸರಿಪಡಿಸುವವರೆಗೂ ಹೊಸ ವ್ಯವಹಾರ ಕೊಡುವುದಿಲ್ಲವೆಂದು ಆಪಲ್ ಹೇಳಿತು. 2023ರಲ್ಲಿ ಈ ಕಾರ್ಖಾನೆಯನ್ನು ಟಾಟಾ ಸಮೂಹ ಕೊಂಡುಕೊಂಡಿತು. ಕೆಟ್ಟ ಹಾಜರಿ ಯಂತ್ರವೊಂದನ್ನು ಸರಿಪಡಿಸಲು ಎಷ್ಟು ಖರ್ಚಾಗುತ್ತಿತ್ತೋ, ಸರಿಪಡಿಸದೆ ಬಿಟ್ಟದ್ದರ ಖರ್ಚು ಅದರ ಎಷ್ಟು ಪಟ್ಟೋ!

ಮುಂಬಯಿಯ ಲೋಕೋಪಯೋಗಿ ಇಲಾಖೆ, ವಿಜ್ಞಾನ ಸಂಸ್ಥೆಯ ಸಭೆ, ಚಾಂಪಿಯನ್ ರೀಫ್‌ನ ಬೆರಳಚ್ಚು, ನರಸಾಪುರದ ಹಾಜರಿ, ಈ ನಾಲ್ಕರ ಕಾಲ ಬೇರೆ, ಯಜಮಾನರ ಕುಲಗೋತ್ರ ಬೇರೆ. ಆದರೆ ಎಲ್ಲ ಕಡೆಯೂ ಕೆಲಸಗಾರನಿಗೆ ತಿಳಿದದ್ದು ಒಂದೇ ವಿಷಯ: ಇಲ್ಲಿ ತನ್ನ ಕೆಲಸ ಬೇಕು, ತಾನು ಬೇಡ. ಅದು ತಿಳಿದ ದಿನವೇ ಆತ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿರುತ್ತಾನೆ; ಕಾಲು ಹೊರಡುವುದು ಆಮೇಲಿನ ಮಾತು.

ಯಲ್ದೂರಿನ ಮಾವಿನ ತೋಪಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ ನೆಟ್ಟು ನಾಲ್ಕಾರು ವರ್ಷ ನೀರು ಕಟ್ಟಿ, ದನಕರು ಬಾಯಿ ಹಾಕದಂತೆ ಕಾದರೆ ಮಾತ್ರ ಫಲ. ಮೊದಲ ವರ್ಷವೇ ಕೊಂಬೆ ಜಗ್ಗಿದರೆ ಕೈಗೆ ಬರುವುದು ಎಲೆ. ತೋಪಿನಲ್ಲಿ ಇಷ್ಟು ತಾಳ್ಮೆ ಇರುವವನ ಮಗಳು ಕಾರ್ಖಾನೆಯ ಬಾಗಿಲಿಗೆ ಹೋಗುವಾಗ, ಬಾಗಿಲಿನ ಆಚೆಗಿರುವವರಿಂದಲೂ ಅಷ್ಟನ್ನೇ ನಿರೀಕ್ಷಿಸುತ್ತಾಳೆ. ಅದು ಅತಿಯಾಸೆಯಲ್ಲ.